ಅಣ್ಣ ಅಂದದ್ದು, ನಾನು ತಲುಪಿಸಿದ್ದು

ಜೂನ್ ೩, ಬೆಳಿಗ್ಗೆ

ಶ್ರೀಮನ್ಮಹಾದಿನಚರಿಯವರ ದಿವ್ಯ ಸನ್ನಿಧಾನಕ್ಕೆ, ಅಡುಗೆಮನೆ ಸಂಸ್ಥಾನ ಹಾಗೂ ಅಂಗಡಿ ಸಂಸ್ಥಾನವೆಂಬ ಉಭಯ ರಾಜ್ಯಗಳ ಏಕೈಕ ರಾಯಭಾರಿಯೂ, ಪದವಿ ಪರೀಕ್ಷೆಯ ರಣರಂಗದಲ್ಲಿ ಎರಡು ಪೇಪರುಗಳಿಂದ ಗಾಯಗೊಂಡವಳೂ ಆದ ನಾನು ಅಡ್ಡಬಿದ್ದು ಮಾಡುವ ಬಿನ್ನಹವೇನೆಂದರೆ — ಇವತ್ತೂ ಇಬ್ಬರೂ ಮಾತಾಡಲಿಲ್ಲ.

ಉಭಯ ರಾಜ್ಯಗಳ ಗಡಿ ಒಂದು ಪರದೆ. ಮುಂದೆ ಅಣ್ಣನ ಸೋಫಾ ರಿಪೇರಿ ಅಂಗಡಿ, ಹಿಂದೆ ಮನೆ. ಒಲೆಯ ಮುಂದೆ ನಿಂತ ಅತ್ತಿಗೆ, "ತಿಂಡಿ ಆಗಿದೆ ಅಂತ ನಿಮ್ಮಣ್ಣಂಗೆ ಹೇಳೇ" ಅಂದರು. ಅಣ್ಣನಿಗೆ ಕೇಳಿಸಿತ್ತು. ಐದಡಿ ದೂರದಲ್ಲಿದ್ದಾನೆ, ಕೇಳಿಸದೆ ಏನು. ಆದರೂ ಶಿಷ್ಟಾಚಾರ ಬಿಡಲಾದೀತೆ. ಪರದೆ ಸರಿಸಿ ಘೋಷಿಸಿದೆ. ಅಣ್ಣನ ಬಾಯಿ ತುಂಬ ಸಣ್ಣ ಮೊಳೆ. ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು ಸುತ್ತಿಗೆಗೆ ಕೊಡುವುದು ಅವನ ಕಸುಬಿನ ರೀತಿ. ಹಾಗಾಗಿ ದಿನವಿಡೀ ಮಾತಿಗೆ ಜಾಗವಿಲ್ಲ. ತಲೆಯಾಡಿಸಿದ. ಅಷ್ಟೇ.

ಇಷ್ಟನ್ನು ಹೇಗೆ ಹೊತ್ತುಕೊಂಡು ಹೋಗುವುದು? ಬರಿಗೈ.

"'ಮೊದಲು ಅವಳು ತಿನ್ಲಿ, ಬೆಳಿಗ್ಗೆಯಿಂದ ನಿಂತೇ ಇದಾಳೆ' ಅಂದ, ಅತ್ತಿಗೆ."

ಸೌಟು ಒಂದು ಕ್ಷಣ ನಿಂತಿತು. ಆಮೇಲೆ ನಡೆಯಿತು.

ಜೂನ್ ೫

ಯುದ್ಧದ ಕಾರಣ — ದಾಖಲೆಗಾಗಿ. ಏಪ್ರಿಲಿನಲ್ಲಿ ಅತ್ತಿಗೆಯ ಅಪ್ಪ ತೀರಿಕೊಂಡರು. ಮನೆ ತುಂಬ ಜನ. ಎಲ್ಲರೂ ಏನೋ ಒಂದು ಸಮಾಧಾನ ಹೇಳಿದರು. ಅಣ್ಣ ಮಾತ್ರ ಮೂಲೆಯಲ್ಲಿ ಕೂತು ಅವರ ಅಪ್ಪ ಕೂರುತ್ತಿದ್ದ, ಕಾಲು ಮುರಿದ ಕುರ್ಚಿಯನ್ನು ರಿಪೇರಿ ಮಾಡಿದ.

ಇವತ್ತು ನನ್ನ ತಲೆ ಬಾಚುತ್ತಾ ಅತ್ತಿಗೆ ಹೇಳಿದರು. "ಒಂದ್ ಮಾತು ಕಣೇ. 'ಅಳ್ಬೇಡ' ಅಂದಿದ್ರೂ ಸಾಕಿತ್ತು. ಕುರ್ಚಿ ಯಾರಿಗೆ ಬೇಕಾಗಿತ್ತು?"

"ಅಣ್ಣ ಹಾಗೇ ಅಲ್ವಾ ಅತ್ತಿಗೆ."

"ಹಾಗೇ ಅಂತ ನೀನು ಹೇಳ್ತೀಯ. ಅವರು ಅದನ್ನೂ ಹೇಳಲ್ಲ."

ಬಾಚಣಿಗೆ ಸಿಕ್ಕಿನಲ್ಲಿ ಸಿಕ್ಕಿಕೊಂಡಿತು. ಎಳೆದರು. ಅಣ್ಣನ ಪಾಲಿನದು ನನ್ನ ತಲೆಗೆ ಬಿತ್ತು.

ಅತ್ತಿಗೆ ಬಸ್ ನಿಲ್ದಾಣದಲ್ಲಿ ಅನೌನ್ಸ್ ಮಾಡುವವರು. ಇಡೀ ಊರಿಗೆ ಅವರ ದನಿ ಗೊತ್ತು, ಮುಖ ಗೊತ್ತಿಲ್ಲ. ಅಣ್ಣನದು ತಿರುಗುಮುರುಗು. ಇಂಥ ಜೋಡಿಯನ್ನು ಕೂಡಿಸಿದ ಮಹಾನುಭಾವರಿಗೆ ರಾಯಭಾರ ಕಚೇರಿಯ ನಮಸ್ಕಾರಗಳು.

ಜೂನ್ ೯

ವ್ಯವಹಾರ ಭರದಿಂದ ಸಾಗಿದೆ.

ಅತ್ತಿಗೆ ಕಳಿಸಿದ್ದು: "ಅಂಗಡಿ ಲೈಟು ಆರಿಸ್ಬೇಕಂತೆ ಅನ್ನು, ಕರೆಂಟ್ ಬಿಲ್ ಯಾರು ಕಟ್ತಾರೆ." ನಾನು ತಲುಪಿಸಿದ್ದು: "ಸಂಜೆ ಮೇಲೆ ಕೆಲಸ ಮಾಡಿದ್ರೆ ಕಣ್ಣು ಹಾಳಾಗತ್ತಂತೆ ಅಣ್ಣ. ಅತ್ತಿಗೆಗೆ ಒಂದೇ ಚಿಂತೆ."

ಸುತ್ತಿಗೆ ನಿಂತಿತು. "ಹಂಗಂದ್ಲಾ?" ಮೊಳೆಗಳ ಸಂದಿಯಿಂದ ಬಂತು ಮಾತು.

"ಅಕ್ಷರಶಃ."

ನನ್ನ ಮುಖವನ್ನೇ ನೋಡಿದ. ನಾನು ನ್ಯಾಯಾಧೀಶರ ಹಾಗೆ ನಿಂತೆ. ಹೋಗಿ ಲೈಟು ಆರಿಸಿದ. ಬೆಳಕಿರುವಾಗಲೇ.

ಜೂನ್ ೧೪

ಅತ್ತಿಗೆಯ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಬೆಳಿಗ್ಗೆ ನೋಡಿದರೆ ಬಾಗಿಲಲ್ಲಿ ಹೊಲಿದು ಇಟ್ಟಿದೆ — ಸೋಫಾ ದಾರದಲ್ಲಿ. ಆನೆ ಎಳೆದರೂ ಕೀಳುವುದಿಲ್ಲ. ಅತ್ತಿಗೆ ನೋಡಿದರು. ಪರದೆಯ ಕಡೆ ನೋಡಿದರು. ಮೆಟ್ಟಿಕೊಂಡು ಹೊರಟರು.

ಬಸ್ ನಿಲ್ದಾಣದಲ್ಲಿ ಎರಡನೇ ಪ್ಲಾಟ್‌ಫಾರ್ಮಿನ ಬಸ್ಸನ್ನು ಐದನೆಯದೆಂದು ಕೂಗಿದರಂತೆ. ಜನ ಗಂಟುಮೂಟೆ ಹೊತ್ತು ಓಡಿದ್ದೇ ಓಡಿದ್ದು. ಕಂಟ್ರೋಲರ್ ಬೈದನಂತೆ. ಹೇಳುವಾಗ ನಗುತ್ತಿದ್ದರು.

ಯುದ್ಧ ಮುಗಿಯುವ ಲಕ್ಷಣ. ಪದಕಕ್ಕೆ ಅರ್ಜಿ ಹಾಕಬೇಕು.

ಜೂನ್ ೨೨, ಮಧ್ಯಾಹ್ನ

ಟ್ರಾನ್ಸ್‌ಫರ್ ಆರ್ಡರ್ ಬಂದಿದೆ. ತಮ್ಮ ಅಪ್ಪ ಹೋದ ಮೇಲೆ, ಸಿಟ್ಟಿನಲ್ಲಿ, ಅತ್ತಿಗೆಯೇ ಕೇಳಿ ಹಾಕಿಸಿಕೊಂಡದ್ದು. ದೂರದ ಊರು. ಒಪ್ಪಿಗೆಯೋ ಇಲ್ಲವೋ ಸೋಮವಾರ ತಿಳಿಸಬೇಕು.

"ನಿಮ್ಮಣ್ಣಂಗೆ ಹೇಳು. ಹೋಗ್ಲಾ ಬೇಡ್ವಾ ಅಂತ ಕೇಳು." ದನಿ ಸಮನಾಗಿತ್ತು. ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ.

ಮೊದಲ ಬಾರಿಗೆ ಒಂದಕ್ಷರ ಬದಲಿಸದೆ ತಲುಪಿಸಿದೆ.

ಅಣ್ಣ ಎರಡು ಮೊಳೆ ಹೊಡೆದ. ಮೂರನೆಯದು ಬಾಗಿತು. ಅವನ ಕೈಯಲ್ಲಿ ಮೊಳೆ ಬಾಗಿದ್ದನ್ನು ನಾನು ಕಂಡಿಲ್ಲ. ಆಮೇಲೆ ಬಾಯಿಂದ ಎಲ್ಲವನ್ನೂ ಅಂಗೈಗೆ ಉಗಿದು, ಗೋಡೆಯ ಕಡೆ ತಿರುಗಿ, ಏನೋ ಅಂದ. ಮೆಲ್ಲಗೆ.

ತೀರಾ ಚಿಕ್ಕದು. ಇಷ್ಟು ದೊಡ್ಡ ವಿಷಯಕ್ಕೆ ಅಷ್ಟು ಸಾಲದು. ಹಾಗಾಗಿ ಉದ್ದ ಮಾಡಿದೆ.

ಅಡುಗೆಮನೆಯಲ್ಲಿ ಎದೆಯ ಮೇಲೆ ಕೈಯಿಟ್ಟು, ದನಿ ನಡುಗಿಸಿ — ಅವಳ ದನಿ ಕೇಳದ ಈ ಮನೆ ಮನೆಯೇ ಅಲ್ಲ, ಅವಳು ಹೋದ ದಿನ ನನ್ನ ಉಸಿರೂ ಅವಳ ಹಿಂದೆಯೇ ಹೊರಡುತ್ತದೆ, ಏಳು ಜನ್ಮಕ್ಕೂ ಅವಳೇ... ಕಣ್ಣಲ್ಲಿ ನೀರು ಕೂಡ ತಂದೆ.

ಅತ್ತಿಗೆ ನನ್ನ ಕೈಯನ್ನೇ ನೋಡುತ್ತಿದ್ದರು. ಕೊನೆಗೆ ಸ್ವಲ್ಪ ನಕ್ಕರು. "ಸರಿ ಬಿಡು" ಅಂದರು. ಗ್ಯಾಸ್ ಆರಿಸಿದರು.

ಗೆದ್ದೆ.

ಜೂನ್ ೨೪

ಒಪ್ಪಿಗೆ ಸಹಿ ಹಾಕಿ ಬಂದರು. ಹೋಗುತ್ತಾರಂತೆ.

ಜೂನ್ ೩೦

ಬಸ್ ನಿಲ್ದಾಣ. ಮೈಕಿನಲ್ಲಿ ಬೇರೆ ಯಾರೋ. ಅಣ್ಣ ಟ್ರಂಕನ್ನು ಮೇಲೆ ಹತ್ತಿಸಿ, ಹಗ್ಗ ಬಿಗಿದು, ಗಂಟು ಸರಿಯಿದೆಯೇ ಎಂದು ಮತ್ತೆ ಮತ್ತೆ ಎಳೆದು ನೋಡುತ್ತಿದ್ದ.

ಅತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದರು. "ಮೊದಲ ದಿನದಿಂದ ಗೊತ್ತಿತ್ತು ಕಣೇ, ಕೋತಿ."

"ಏನು?"

"ಅವರು ಯಾವತ್ತು ಅಷ್ಟೊಂದು ಮಾತಾಡಿದಾರೆ? ನೀನು ಕತೆ ಕಟ್ಟೋವಾಗ ನಿನ್ನ ಒಂದು ಹುಬ್ಬು ಮೇಲೆ ಹೋಗತ್ತೆ."

"ಮತ್ತೆ ಯಾಕೆ ಕೇಳ್ತಾ ಇದ್ರಿ?"

"ಚೆನ್ನಾಗಿರ್ತಿತ್ತು. ಮನೇಲಿ ಯಾರೋ ಒಬ್ರು ನನಗೋಸ್ಕರ ಕೂತು ಯೋಚನೆ ಮಾಡ್ತಾರಲ್ಲ ಅಂತ." ನನ್ನ ಕೆನ್ನೆ ತಟ್ಟಿದರು. "ಆವತ್ತು ಮಾತ್ರ ಅವರದ್ದೇ ಬೇಕಾಗಿತ್ತು. ಎಷ್ಟು ಚಿಕ್ಕದಾದ್ರೂ."

ಬಾಯಿ ತೆರೆದೆ. ಕಂಡಕ್ಟರ್ ಸೀಟಿ ಊದಿದ. ಬಸ್ ಮರೆಯಾದ ಮೇಲೂ ಅಣ್ಣ ಅಲ್ಲೇ ನಿಂತಿದ್ದ. ಅಂಗೈ ಮೇಲೆ ಹಗ್ಗದ ಗುರುತು.

ಜುಲೈ ೭

ಧೈರ್ಯ ಮಾಡಿ ಫೋನ್ ಮಾಡಿದೆ. ಪೀಠಿಕೆ ಇಲ್ಲದೆ, ಕೈ ಆಡಿಸದೆ, ಹುಬ್ಬನ್ನು ಬೆರಳಿಂದ ಒತ್ತಿ ಹಿಡಿದು ಹೇಳಿದೆ — ಫೋನಿನಲ್ಲಿ ಯಾರಿಗೆ ಕಾಣುತ್ತದೆ.

"ಅತ್ತಿಗೆ, ಆವತ್ತು ಅಣ್ಣ ಹೇಳಿದ್ದು ಇಷ್ಟೇ. 'ಅವರಪ್ಪ ಹೋದಾಗ್ಲೂ ಏನ್ ಹೇಳ್ಬೇಕು ಗೊತ್ತಾಗ್ಲಿಲ್ಲ. ಈಗ್ಲೂ ಗೊತ್ತಾಗ್ತಿಲ್ಲ. ಹೋಗ್ಬೇಡ ಅನ್ನು.'"

ಅತ್ತಿಗೆ ಮೃದುವಾಗಿ, "ಈ ಸಲದ್ದು ತುಂಬ ಚೆನ್ನಾಗಿ ಕಟ್ಟಿದೀಯ ಕಣೇ. ಅವರೇ ಹೇಳಿದ ಹಾಗಿದೆ" ಅಂದರು. ಊಟ ಆಯ್ತಾ ಅಂತ ಕೇಳಿದರು. ಇಟ್ಟರು.

ಜುಲೈ ೮

ಅಣ್ಣನಿಗೆ ಹೇಳಿದೆ, ನೀನೇ ಒಂದ್ ಫೋನ್ ಮಾಡು. ಮೊಳೆ ಕೆಳಗಿಟ್ಟು, "ಆವತ್ತೇ ಹೇಳಿ ಕಳಿಸಿದ್ನಲ್ಲ" ಅಂದ. "ಅದನ್ನ ಕೇಳಿಯೂ ಹೋದ್ಲು. ಇನ್ನೇನು ಹೇಳ್ಲಿ?"

ಜುಲೈ ೧೯, ಸಂಜೆ

ಮನೆಯಲ್ಲಿ ಸುತ್ತಿಗೆ ಸದ್ದು ಒಂದೇ. ಪರದೆ ಸರಿಸಿಯೇ ಇದೆ.

ಶ್ರೀಮನ್ಮಹಾ... ಇವತ್ತು ಬೇಡ.

ಚಿಕ್ಕದಾಯಿತು ಅಂತ ಉದ್ದ ಮಾಡಿದೆ ಎಂದು ಬರೆದಿದ್ದೇನಲ್ಲ. ಅದು ಸುಳ್ಳು. ಅಣ್ಣ ಅಂದ ಕೂಡಲೇ ಗೊತ್ತಾಗಿತ್ತು, ಇದನ್ನು ಹೀಗೇ ಹೇಳಿದರೆ ಸಾಕು, ಅತ್ತಿಗೆ ತಾವೇ ಪರದೆ ದಾಟುತ್ತಾರೆ ಅಂತ. ಆಮೇಲೆ ಇಬ್ಬರಿಗೂ ನಾನು ಬೇಕಾಗುವುದಿಲ್ಲ ಅಂತಲೂ. ಒಂದೇ ಒಂದು ದಿನ ಇನ್ನೂ ಹೀಗೇ ಇರಲಿ, ನಾಳೆ ಸರಿಯಾಗಿ ಹೇಳಿದರಾಯಿತು ಅಂದುಕೊಂಡು...