ಓದಿನಲ್ಲಿ ಪ್ರಗತಿ ಇಲ್ಲ

9-1-1939, ಸೋಮವಾರ. ಚಿಕ್ಕೇರೂರು

ಇಪ್ಪತ್ತೆರಡು ಪ್ರಗತಿ ಚೀಟಿ ಬರೆದು ಕೈ ಸೋತಿದೆ. ಹೆಡ್ ಮಾಸ್ತರ ಕರಿಬಸಪ್ಪನವರ ಹೊಸ ನಿಯಮ — ತಿಂಗಳಿಗೊಂದು ಚೀಟಿ ಮನೆಗೆ ಹೋಗಬೇಕು. ಗುರಿಯನ್ನೂ ಗೋಡೆಗೆ ಅಂಟಿಸಿದ್ದಾರೆ: ಇನ್ಸ್‌ಪೆಕ್ಷನ್ನಿನೊಳಗೆ ಮೂರನೆಯ ಇಯತ್ತೆಯ ಎಲ್ಲರೂ ತಡೆಯಿಲ್ಲದೆ ಓದಬೇಕು. ಇಪ್ಪತ್ತೊಂದು ಮಕ್ಕಳದು ಹೇಗೋ ಆದೀತು. ನೂರಜಹಾನ... ಪುಸ್ತಕ ಹಿಡಿದು ನಿಲ್ಲುತ್ತಾಳೆ, ಬಾಯಿ ತೆರೆಯುವುದಿಲ್ಲ. ಬರೆದೆ: 'ಓದಿನಲ್ಲಿ ಪ್ರಗತಿ ಇಲ್ಲ.'

21-1, ಶನಿವಾರ

ಅವಳ ತಂದೆ ಗೌಸಸಾಬ ಬಂದಿದ್ದ. ಗಾದಿ ತುಂಬುವವ, ತಲೆಯ ತುಂಬ ಅರಳೆ.

"ಮುಂದಿನ ಚೀಟ್ಯಾಗೂ ಹಿಂಗ ಇದ್ರ ಸಾಲಿ ಬಿಡಸ್ತೇನ್ರಿ."

"ಚೀಟಿ ಯಾರು ಓದಿ ಹೇಳಿದರು?"

"ಅಕೀನ. ಓಣಿಯವರದೆಲ್ಲ ಅಕೀನ ಓದ್ತಾಳ್ರಿ."

"ಹಾಗಾದರೆ ಓದು ಬರುತ್ತದಲ್ಲ?"

"ಅದು ಮನಿ ಓದು. ಸಾಲಿ ಓದು ಬ್ಯಾರೆ ಇರ್ತೈತಲ್ಲರಿ."

ನಂಬಲಿಲ್ಲ. ಅರ್ಧ ನಂಬಿದೆ.

12-2, ರವಿವಾರ

ನಿನ್ನೆ ಚೀಟಿ ಹಂಚಿದೆ. ಶಾಲೆಯಲ್ಲಿ ಅವಳು ಈಗಲೂ ಮೂಕಿ, ಅದನ್ನೇ ಬರೆದೆ. ಮನಸ್ಸು ತಡೆಯದೆ ಇಂದು ಮಧ್ಯಾಹ್ನ ಅವರ ಓಣಿಗೆ ಹೋದೆ. ಕಟ್ಟೆಯ ಮೇಲೆ ಹತ್ತು ಹನ್ನೆರಡು ಹೆಂಗಸರು, ನಡುವೆ ನೂರಜಹಾನ. ಬೇವಿನ ಗಿಡದ ಹಿಂದೆ ನಿಂತೆ.

ಉಡಚವ್ವ ಮಗನ ಚೀಟಿ ಕೊಟ್ಟಳು. "ಹೂವಪ್ಪ. ಗುಣಾಕಾರದಲ್ಲಿ ತಪ್ಪುತ್ತಾನೆ. ನಡತೆ ಉತ್ತಮ." ನನ್ನ ಗೀಚು ಅಕ್ಷರ... ಎಲ್ಲೂ ಎಡವಲಿಲ್ಲ.

ಕೊನೆಗೆ ತನ್ನದು ತೆಗೆದಳು. ತಾಯಿ ರೋಶನಬಿ ಹತ್ತಿರ ಸರಿದಳು.

"ನೂರಜಹಾನ. ಓದಿನಲ್ಲಿ ಈ ತಿಂಗಳೂ ಪ್ರಗತಿ ಇಲ್ಲ."

ಅದೇ ದನಿ. ಬೇರೆ ಏನಾದರೂ ಓದಬಹುದಿತ್ತು — ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಶಾಲೆ ತಪ್ಪುತ್ತದೆಂದು ಗೊತ್ತಿದ್ದೂ ಒಂದಕ್ಷರ ನುಂಗಲಿಲ್ಲ.

ಮುಂದೆ ಬಂದು ಕೇಳಿದೆ, "ಸಾಲ್ಯಾಗ ಯಾಕ ಓದಂಗಿಲ್ಲವಾ?"

ಚೀಟಿಯ ಅಂಚು ಮಡಚುತ್ತ ಹೇಳಿದಳು, "ಮೊದಲನೇ ದಿನ ಬಾಳೆಗೆ 'ಬಾಲೆ' ಅಂದಿದ್ನಿರಿ. ಹುಡುಗ್ರು ನಕ್ಕರು." ಆಮೇಲೆ, ಮೆಲ್ಲಗೆ — "ನೀವೂ ನಕ್ಕಿದ್ರಿ."

ನನಗೆ ನೆನಪೇ ಇಲ್ಲ. ಅದೇ ಹೆಚ್ಚು ಚುಚ್ಚುತ್ತಿದೆ.

ಚೀಟಿ ಇಸಿದುಕೊಂಡೆ. ಆ ಸಾಲು ಹೊಡೆದು ಬರೆದೆ: 'ತಪ್ಪು ಮಾಸ್ತರನದು.' ಅದನ್ನೂ ತಾಯಿಗೆ ಓದಿ ಹೇಳಿದಳು.

3-3, ಶುಕ್ರವಾರ. ಸಂಜೆ

ಇನ್ಸ್‌ಪೆಕ್ಷನ್ ಆಯಿತು. ಹಿರೇಕೆರೂರಿನಿಂದ ಸಾಹೇಬರು ಬಂದಿದ್ದರು. ಹೆಡ್ ಮಾಸ್ತರರನ್ನು ಕೇಳಿ ತಾಯಂದಿರನ್ನೂ ಕರೆಸಿದ್ದೆ. ಬಾಗಿಲ ಬಳಿ ಒತ್ತಿ ಕೂತಿದ್ದರು.

ನೂರಜಹಾನಳ ಸರದಿ. ಎದ್ದಳು. ಮೌನ. ಹಿಂದೆ ಯಾರೋ ಕಿಸಕ್ಕೆಂದರು.

"ಇನ್ನೊಬ್ಬರು," ಎಂದರು ಸಾಹೇಬರು.

ಅಷ್ಟರಲ್ಲಿ ಬಾಗಿಲಿನಿಂದ ರೋಶನಬಿ, "ನಮಗ ಓದಿ ಹೇಳವಾ."

ಹುಡುಗಿ ತಿರುಗಿದಳು. ಸಾಹೇಬರಿಗೆ ಬೆನ್ನು. ಓದತೊಡಗಿದಳು.

ಒಂದು ಪುಟ ಸಾಕಿತ್ತು. ಸಾಹೇಬರು ಸಾಕೆನ್ನಲಿಲ್ಲ. ಮುಂದಿನ ಪಾಠಕ್ಕೆ ಹೋದಳು... ಅದರ ಮುಂದಿನದಕ್ಕೆ. ಗಂಟೆ ಬಾರಿಸಬೇಕಾದ ಸಿಪಾಯಿ ಕೋಲು ಹಿಡಿದು ಹಾಗೇ ನಿಂತಿದ್ದ. ಸಾಹೇಬರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ನಾನು ಅವಳ ಈ ತಿಂಗಳ ಚೀಟಿ ತೆಗೆದು ಬರೆದೆ: 'ತಡೆಯಿಲ್ಲದೆ ಓದುತ್ತಾಳೆ.'