ಒಂದು ಮಿಲಿಗ್ರಾಮ್ ಸಾಕು

ಮನೆ, ಊಟದ ಮೇಜು
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ‘ಏನೂಂದ್ರೆ’ ಅವರಿಗೆ,

ಹೇಗಿದ್ದೀರಿ? ಕುತ್ತಿಗೆ ನೋವು ಕಡಿಮೆಯಾಯಿತೇ? ದಿನವಿಡೀ ಆ ಊರಿನ ಕಟ್ಟಡದಲ್ಲಿ ಲಿಫ್ಟ್ ಕೂಡಿಸುತ್ತ, ಅದರ ತಳದ ಗುಂಡಿಯಲ್ಲಿ ಕತ್ತೆತ್ತಿ ಕೆಲಸ ಮಾಡಿ ಬಂದ ಮೇಲೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೀರಾ, ಇಲ್ಲ ಬಂದ ಹಾಗೇ ಬಿದ್ದುಕೊಳ್ಳುತ್ತೀರಾ? ಇಲ್ಲಿ ಅತ್ತೆ, ಮಾವ ಕ್ಷೇಮ. ಬೆಳಿಗ್ಗೆ ಕಾಫಿ ಸೇರುತ್ತಿಲ್ಲ ಎನ್ನುವುದು ಬಿಟ್ಟರೆ ನಾನೂ ಚೆನ್ನಾಗಿದ್ದೇನೆ. ನಿಮ್ಮ ಪತ್ರ ಕೊಡುವಾಗ ಪೋಸ್ಟ್‌ಮ್ಯಾನ್ ಈ ಸಲವೂ “ನಿಮ್ಮನೆಯವರಿಗೆ ಫೋನ್ ಇಲ್ವೇನಮ್ಮಾ?” ಎಂದು ಕನಿಕರಪಟ್ಟರು. ಅವರಿಗೇನು ಗೊತ್ತು, ಫೋನಿನಲ್ಲಿ ನಿಮ್ಮ ಹಿಂದಿನ ಡ್ರಿಲ್ ಗದ್ದಲಕ್ಕೆ ನನ್ನ ಮಾತು ನಿಮಗೆ ಅರ್ಧವೇ ಮುಟ್ಟುವುದು, ಹಜಾರದಲ್ಲಿ ಕುಳಿತ ಅತ್ತೆಗೆ ಪೂರ್ತಿ ಮುಟ್ಟುವುದು!

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಭಯವಾಯಿತು. ಚರ್ಮದ ಡಾಕ್ಟರು ಬರೆದುಕೊಟ್ಟ ಒಂದು ಮಿಲಿಗ್ರಾಮಿನ ಮಾತ್ರೆಯನ್ನು ಎರಡು ತಿಂಗಳು ನುಂಗಿದರೂ ನೆತ್ತಿ ಇದ್ದ ಹಾಗೇ ಇದೆ. ಮಾವ ಮೂತ್ರದ ತೊಂದರೆಗೆ ತೆಗೆದುಕೊಳ್ಳುವುದೂ ಅದೇ ಔಷಧಿ, ಆದರೆ ಐದು ಮಿಲಿಗ್ರಾಮಿನದು. ಅದರದ್ದೊಂದು ಸ್ಟ್ರಿಪ್ ಎತ್ತಿ, ಪ್ರತಿ ಮಾತ್ರೆಯನ್ನೂ ಎರಡು ಹೋಳು ಮಾಡಿ ಕಳಿಸು, ದಿನಕ್ಕೊಂದು ಹೋಳು ನುಂಗಿ ಬೇಗ ಬೆಳೆಸಿಕೊಳ್ಳುತ್ತೇನೆ ಎಂದಿದ್ದೀರಿ. ಕೂದಲೇನು ಲಿಫ್ಟೇ, ಬಟನ್ ಒತ್ತಿದಷ್ಟೂ ಬೇಗ ಮೇಲೆ ಬರುವುದಕ್ಕೆ? ಲಿಫ್ಟೂ ಹಾಗೆ ಬರುವುದಿಲ್ಲ ಎಂದು ಜನರನ್ನು ಬಯ್ಯುವವರು ನೀವೇ ಅಲ್ಲವೇ?

ನಿಮ್ಮ ಅವಸರದ ಕಾರಣ ನನಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದಿರಿ. ನೀವು ಎರಡನೇ ಕ್ಲಾಸಿನಲ್ಲಿದ್ದಾಗ ಮಾವ ಶಾಲೆಗೆ ಬಂದರೆ, ಗೇಟಿನ ಕಾವಲುಗಾರ ಇಡೀ ಅಂಗಳಕ್ಕೆ ಕೇಳುವಂತೆ “ಲೋ ಮರಿ, ನಿಮ್ಮ ತಾತ ಬಂದಿದಾರೆ ನೋಡೋ!” ಎಂದು ಕೂಗಿದನಂತೆ. ಮಾವ ಆಗ ಇನ್ನೂ ಹರೆಯದವರು, ತಲೆ ಮಾತ್ರ ಬೋಳು. ಅವರು ನಕ್ಕುಬಿಟ್ಟರು. ನೀವು ಮನೆ ಮುಟ್ಟುವವರೆಗೆ ಅವರ ಕೈ ಹಿಡಿಯಲಿಲ್ಲ. “ನಾಳೆ ನನ್ನ ಮಗೂನೂ ಹಂಗೇ ಕೈ ಬಿಡಿಸ್ಕೊಂಡ್ರೆ ಏನೇ ಮಾಡ್ಲಿ?” ಎಂದು ನೀವು ಕೇಳಿದ್ದನ್ನು ನಾನು ಮರೆತಿಲ್ಲ. ಅದಕ್ಕೇ ನಿಮ್ಮ ನೆತ್ತಿಯನ್ನು ನಾನು ತಮಾಷೆ ಮಾಡುತ್ತೇನೆಯೇ ಹೊರತು ಹಗುರವಾಗಿ ಕಂಡವಳಲ್ಲ.

ಆದ್ದರಿಂದ ಶುಕ್ರವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ, ಮಾವನ ಶೇವಿಂಗ್ ಡಬ್ಬಿಯಿಂದ ಒಂದೇ ಒಂದು ಮಾತ್ರೆ ತಂದು ತರಕಾರಿ ಮಣೆಯ ಮೇಲಿಟ್ಟೆ. ಚಾಕು ಒತ್ತಿದ್ದೇ ತಡ, ಅದು ಟಣ್ಣನೆ ಹಾರಿ, ಇಡಿಯಾಗಿ ಉರುಳಿಕೊಂಡು ಫ್ರಿಜ್ಜಿನ ಕೆಳಗೆ ಸೇರಿಕೊಂಡಿತು. ನಾನು ಮಂಡಿಯೂರಿ ಕಸಪೊರಕೆಯ ಹಿಡಿಯಿಂದ ಕೆದಕುತ್ತಿದ್ದೆ. ಹಿಂದಿನಿಂದ “ಏನಮ್ಮಾ, ನನ್ನ ಮಾತ್ರೆ ಹೆಚ್ಚಿ ಯಾರಿಗೆ ಬಡಿಸ್ತೀಯಾ?” ಎಂದು ಮಾವನ ದನಿ! ನನಗೆ ಸುಳ್ಳು ಹೇಳಲು ಬಾರದೆಂದು ನಿಮಗೆ ಗೊತ್ತಲ್ಲ, ಎಲ್ಲ ಹೇಳಿಬಿಟ್ಟೆ. ಅವರು ತಲೆ ಬಗ್ಗಿಸಿ ನನ್ನ ಮುಂದೆ ಹಿಡಿದರು. “ಐದು ಮಿಲಿಗ್ರಾಮ್ ವರ್ಷಗಟ್ಲೆ ನುಂಗಿರೋ ತಲೆ ಇದು. ಎಲ್ಲಿ, ಒಂದೆಳೆ ತೋರ್ಸು ನೋಡೋಣ!” ಗದ್ದಲಕ್ಕೆ ಎದ್ದುಬಂದ ಅತ್ತೆ, “ನಾನು ಕಟ್ಕೊಂಡಿದ್ದು ಇವರನ್ನ. ಇವರ ಕೂದಲು ಮದುವೆಗೆ ಮುಂಚೆನೇ ಮನೆ ಬಿಟ್ಟು ಓಡ್ಹೋಗಿತ್ತು” ಎಂದರು. ಮೂವರೂ ಅಡುಗೆಮನೆಯಲ್ಲಿ ನಿಂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನೀವೊಬ್ಬರು ಇರಬೇಕಿತ್ತು.

ಕೊನೆಗೆ ಮಾವನೇ, “ಕೇಳದೆ ನುಂಗೋದು ಬೇಡ, ಡಾಕ್ಟರನ್ನೇ ಕೇಳಿ ಬಾ” ಎಂದರು. ನಿನ್ನೆ ಲೈಬ್ರರಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಮೊದಲು ನಿಮ್ಮ ಮಾತ್ರೆ ಕೊಳ್ಳಲು ಮೆಡಿಕಲ್ ಶಾಪಿಗೆ. ನಾನು ಪಿಸುಗುಟ್ಟಿದ ಹೆಸರನ್ನು ಅಂಗಡಿಯವರು ಸಂತೆಯಲ್ಲಿ ಕೂಗುವ ಹಾಗೆ ಕೂಗಿ, “ಕೂದಲು ಉದುರೋದಕ್ಕಾ ಮೇಡಂ? ಯಾರಿಗೆ, ನಿಮಗಾ?” ಎಂದರು. ಸಾಲಿನಲ್ಲಿದ್ದವರೆಲ್ಲ ನನ್ನ ಜಡೆಯನ್ನು ಅಳೆದು ನೋಡಿದರು. ನೆಲ ಬಾಯಿ ಬಿಡಲಿ ಎನಿಸಿತು. ನಿಮ್ಮ ಕೂದಲಿಗಾಗಿ ನಾನು ಮಾನ ಹರಾಜಿಗಿಟ್ಟಿದ್ದೇನೆ, ನೆನಪಿರಲಿ.

ಡಾಕ್ಟರು ಒಳ್ಳೆಯವರು, ನನ್ನ ತೊದಲು ಮುಗಿಯುವವರೆಗೆ ಕಾದರು. ಕೂದಲಿಗೆ ಈ ಔಷಧಿಯಿಂದ ಸಿಗಬೇಕಾದ್ದು ದಿನಕ್ಕೆ ಒಂದು ಮಿಲಿಗ್ರಾಮಿನಲ್ಲೇ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದಂತೆ. ಎರಡೂವರೆ ಆಗಲಿ, ಐದಾಗಲಿ, ಮೇಲಿನದರಿಂದ ಕೂದಲಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಮಾವನ ಕಾಯಿಲೆ ಬೇರೆ, ಅದರ ಲೆಕ್ಕವೂ ಬೇರೆ. ಪೂರ್ತಿ ಬೋಳಾಗಿ ಎಷ್ಟೋ ಕಾಲವಾದ ತಲೆಯಲ್ಲಿ ಅದೂ ಏನು ಮಾಡೀತು? ಎರಡು ತಿಂಗಳಿಗೆ ತೀರ್ಪು ಕೊಡಬೇಡಿ, ಆರು ತಿಂಗಳಾದರೂ ನೋಡಿ, ಇರುವ ಕೂದಲು ನಿಂತರೆ ಅದೇ ಗೆಲುವು, ಬಿಟ್ಟರೆ ಮತ್ತೆ ಉದುರುತ್ತದೆ ಎಂದರು. ಕೆಲವರಿಗೆ ತೊಂದರೆಗಳೂ ಆಗುತ್ತವಂತೆ. ಮನಸ್ಸು ಕುಗ್ಗಿದರೆ ಸುಮ್ಮನಿರದೆ ಕೂಡಲೇ ಹೇಳಬೇಕು. ಇನ್ನೊಂದನ್ನು ಅವರು ಸಲೀಸಾಗಿ ಹೇಳಿದರು, ನಾನು ಬರೆಯಲಾರೆ. ಗಂಡಹೆಂಡಿರ ವಿಷಯ ಎಂದು ತಿಳಿದುಕೊಳ್ಳಿ. ಆಗ ನಾನು ಗೋಡೆಯ ಮೇಲಿನ ಚರ್ಮರೋಗದ ಚಿತ್ರಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಬಸ್ಸಿನಲ್ಲಿ ಬರುವಾಗ ನೀವು ಬಚ್ಚಲಿನ ಕಪಾಟು ಗೋಡೆಗೆ ಹೊಂದಿಸಿದ ದಿನ ನೆನಪಾಯಿತು. ನಾನು ಸ್ಪ್ಯಾನರ್ ಹಿಡಿದು ಬೋಲ್ಟನ್ನು ಇನ್ನೂ ಇನ್ನೂ ಬಿಗಿಯುತ್ತಿದ್ದರೆ ನೀವು ಕೈ ತಡೆದು, “ಸಾಕು ಬಿಡೇ. ಬಿಗಿ ಆದ್ಮೇಲೂ ಬಿಗಿದ್ರೆ ಥ್ರೆಡ್ಡೇ ಸವೆದು ಹೋಗುತ್ತೆ” ಎಂದಿದ್ದಿರಿ. ಆ ಕಪಾಟು ಇವತ್ತಿಗೂ ಅಲ್ಲಾಡಿಲ್ಲ. ನಿಮ್ಮದೇ ಮಾತನ್ನು ನಿಮಗೇ ವಾಪಸು ಕಳಿಸುತ್ತಿದ್ದೇನೆ. ಜೊತೆಗೆ ಡಾಕ್ಟರು ಬರೆದದ್ದೇ ಒಂದು ಮಿಲಿಗ್ರಾಮಿನ ಮಾತ್ರೆಗಳನ್ನು, ಇಡಿಯಾಗಿ. ಆರಿಸಬೇಕಾದವರು ನೀವು, ತಲೆ ನಿಮ್ಮದು. ಆದರೂ ಅವತ್ತು ನೀವು ನನ್ನ ಕೈ ತಡೆದಿರಲ್ಲ, ಅಷ್ಟು ಹಕ್ಕು ನನಗೂ ಇರಲಿ.

ಅತ್ತೆ, ಮಾವ ಆಶೀರ್ವಾದ ಹೇಳಿದ್ದಾರೆ. ಮಾವ ಬೇರೆಯಾಗಿ, ತಮ್ಮ ತಲೆಯಲ್ಲಿ ಏನಾದರೂ ಮೊಳೆತರೆ ತಂತಿ ಕೊಡುವುದಾಗಿ ಹೇಳಿದ್ದಾರೆ. ಹೆಲ್ಮೆಟ್ ತೆಗೆದು ಗಳಿಗೆಗೊಮ್ಮೆ ಕನ್ನಡಿ ನೋಡಬೇಡಿ, ಮೇಲಿಂದ ಏನಾದರೂ ಬಿದ್ದೀತು.

ಇತಿ ನಿಮ್ಮ,
‘ಸೈಲೆನ್ಸ್ ಪ್ಲೀಸ್’
(ಲೈಬ್ರರಿಯ ಬೋರ್ಡಿನಿಂದ ನೀವೇ ಕದ್ದು ಇಟ್ಟ ಹೆಸರು)

ಮ.ವಿ.: ಅಂಟು ಹಚ್ಚುವ ಮೊದಲು ಧೈರ್ಯ ಮಾಡಿ ಬರೆದುಬಿಡುತ್ತೇನೆ. ಇನ್ನು ಮುಂದೆ ಮಾತ್ರೆ ಹೋಳು ಮಾಡುವ ಕೆಲಸ ನನಗೆ ಹೇಳಬೇಡಿ. ಹೊರಡುವಾಗ ಡಾಕ್ಟರು, “ಮಾತ್ರೆ ಕತ್ತರಿಸೋಕೆ ಹೊರಟಿದ್ದು ಯಾರು, ನೀವಾ?” ಎಂದು ಕೇಳಿದರು. ಇಡೀ ಮಾತ್ರೆಗೆ ಮೇಲೆ ಲೇಪವಿರುತ್ತದೆ, ಮುಟ್ಟಿದರೆ ಏನೂ ಇಲ್ಲ. ಮುರಿದದ್ದನ್ನು, ಪುಡಿಯನ್ನು ಬಸುರಿಯರು ಮಾತ್ರ ಮುಟ್ಟಬಾರದಂತೆ. ಅದು ಇಡಿಯಾಗಿ ಫ್ರಿಜ್ಜಿನ ಕೆಳಗೆ ಓಡಿಹೋದದ್ದೇ ಒಳ್ಳೆಯದಾಯಿತು. ಅತ್ತೆ, ಮಾವನಿಗೂ ಇನ್ನೂ ಹೇಳಿಲ್ಲ, ಮೊದಲು ನಿಮಗೆ. ಶಾಲೆಯ ಗೇಟಿನ ಹತ್ತಿರ ನಿಲ್ಲುವುದಕ್ಕೆ ನಿಮಗಿನ್ನೂ ವರ್ಷಗಳ ಸಮಯವಿದೆ, ಅವಸರ ಬೇಡ. ಕೂದಲು ಬಂದರೆ ಬರಲಿ, ಬರದಿದ್ದರೆ ಬಿಡಲಿ. ಕಾವಲುಗಾರ ಏನೇ ಕೂಗಲಿ, ಓಡಿ ಬಂದು ನಿಮ್ಮ ಕೈ ಹಿಡಿಯುವುದನ್ನು ನಾನು ಮಗುವಿಗೆ ಕಲಿಸಿರುತ್ತೇನೆ.