ಅಪ್ಪ ಸತ್ತಿಲ್ಲ, ನಿಮ್ಮ ಪುಟ ಕೆಟ್ಟಿದೆ

ಸಿನಿಮಾ ಮತ್ತು ಧಾರಾವಾಹಿಗಳ ಮಾಹಿತಿ ತಾಣದ ಹೊಸ ವಿನ್ಯಾಸ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ತಂದೆ ಬದುಕಿದ್ದಾರೆ. ಈ ಸಾಲು ಬರೆಯುತ್ತಿರುವಾಗ ಅವರು ಪಕ್ಕದ ಕೋಣೆಯಲ್ಲಿ, ಒಂದು ಕಾಲುಚೀಲ ಸಿಕ್ಕಿ ಇನ್ನೊಂದು ಸಿಗಲಿಲ್ಲವೆಂದು ಅಮ್ಮನ ಮೇಲೆ ರೇಗುತ್ತಿದ್ದಾರೆ. ಸತ್ತವರು ಕಾಲುಚೀಲಕ್ಕಾಗಿ ರೇಗುವುದಿಲ್ಲ ಎಂದು ನನ್ನ ತಿಳಿವಳಿಕೆ. ಆದರೆ ನಿಮ್ಮ ತಾಣಕ್ಕೆ ಹೊಸ ವಿನ್ಯಾಸ ಬಂದ ದಿನದಿಂದ ಅವರ ಪುಟದ ನೆತ್ತಿಯ ಮೇಲೆ 'ನಿಧನ' ಎಂಬ ಪದ ಬೂದು ಬಣ್ಣದಲ್ಲಿ ಕೂತಿದೆ. ಅದರ ಕೆಳಗೆ, ಇನ್ನೂ ಸಣ್ಣ ಅಕ್ಷರದಲ್ಲಿ, 'ಮರಣದ ಕಾರಣ: ಇರಿತ, ವಿಷ, ಗುಂಡೇಟು, ನೀರಿನಲ್ಲಿ ಮುಳುಗಿದ್ದು ಹಾಗೂ ಇತರೆ' ಎಂದಿದೆ. ಆ 'ಇತರೆ' ಓದಿ ನನಗೆ ಬಹಳ ಸಮಾಧಾನವಾಯಿತು. ಅಷ್ಟೆಲ್ಲ ಆದಮೇಲೂ ಸಾಯಲು ಏನೋ ಒಂದಿಷ್ಟು ಬಾಕಿ ಉಳಿದಿತ್ತಲ್ಲ!

ವಿಷಯ ಹೀಗಿದೆ. ನನ್ನ ತಂದೆಯ ಕಸುಬು ಹೆಣವಾಗುವುದು. ಸಿನಿಮಾದಲ್ಲಿ ಪೊಲೀಸರು ಬಟ್ಟೆ ಸರಿಸಿ ನೋಡಿ ತಲೆಯಾಡಿಸುತ್ತಾರಲ್ಲ, ಆ ಬಟ್ಟೆಯ ಕೆಳಗಿರುವವರು ಅವರು. ಕಥೆ ಶುರುವಾಗಬೇಕಾದರೆ ಯಾರಾದರೊಬ್ಬರು ಸಾಯಬೇಕು. ಯೌವನದಿಂದಲೂ ಆ ಯಾರಾದರೊಬ್ಬರು ನಮ್ಮಪ್ಪ. ಬರೀ ಮಲಗುವ ಕೆಲಸವೆಂದು ಹಗುರವಾಗಿ ಮಾತಾಡಬೇಡಿ. ಕ್ಯಾಮೆರಾ ಹತ್ತಿರ ಬಂದಾಗ ಹೊಟ್ಟೆ ಏಳಬಾರದು, ರೆಪ್ಪೆಯೊಳಗೆ ಗುಡ್ಡೆ ಹೊರಳಬಾರದು, ಮೂಗಿನ ಮೇಲೆ ನೊಣ ಕೂತರೆ ಅದಾಗಿಯೇ ಎದ್ದು ಹೋಗುವವರೆಗೆ ಅದರ ಮರ್ಜಿ ಕಾಯಬೇಕು. ದುಃಖದ ಭರದಲ್ಲಿ ನಾಯಕಿ ತನ್ನ ಎದೆಯ ಬದಲು ಇವರ ಎದೆ ಬಡಿದರೂ ಕೆಮ್ಮುವಂತಿಲ್ಲ. ಸೆಟ್ಟಿನಲ್ಲಿ ಅವರಿಗೆ ಬಾಡಿಯಣ್ಣ ಎಂದೇ ಹೆಸರು. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡುವ ಮುಂಚೆಯೇ ಅಮ್ಮ ಕೇಳುತ್ತಿದ್ದಳು:

"ಇವತ್ತು ಹೆಂಗೆ ಹೋದ್ರಿ?"

"ಬಾವಿಗೆ ಬಿದ್ದು."

"ಹಾಗಾದ್ರೆ ಮೊದ್ಲು ತಲೆ ಒರೆಸ್ಕೊಳ್ಳಿ, ನೆಗಡಿ ಆದೀತು."

ನಾನು ಬೆಳೆದದ್ದು ಈ ಮಾತುಕತೆ ಕೇಳುತ್ತಲೇ. ಇಂಥವರ ಹೆಸರು ಚಿತ್ರದ ಕೊನೆಯಲ್ಲಿ ತೆರೆಯ ಮೇಲೆ ಬರುವುದಿಲ್ಲ. ಬಂದರೂ ಅಷ್ಟೊತ್ತಿಗೆ ಜನ ಸ್ಕೂಟರಿನ ಬೀಗದ ಕೈ ಹುಡುಕುತ್ತಿರುತ್ತಾರೆ. ಬಂದದ್ದು ಒಂದೇ ಕಡೆ: ನಿಮ್ಮ ಹಳೆಯ ತಾಣದಲ್ಲಿ.

ನಾನು ಬೀದಿಯ ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಾಜು ಉಜ್ಜುವ ಯಂತ್ರದ ಪಕ್ಕ ಕಂಪ್ಯೂಟರ್ ಇಟ್ಟುಕೊಂಡು, ಹಳೆಯ ಚಿತ್ರಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಅಪ್ಪನನ್ನು ಪತ್ತೆ ಹಚ್ಚಿ ನಿಮ್ಮ ತಾಣಕ್ಕೆ ಸೇರಿಸುತ್ತಿದ್ದೆ. ಬಿಟ್ಟಿ ಚಾಕರಿ, ನಿಮ್ಮಂಥವರು ಇದಕ್ಕೆ 'ಸಮುದಾಯದ ಕೊಡುಗೆ' ಎನ್ನುತ್ತೀರಿ. ಮುಖ ಮುಚ್ಚಿದ್ದರೂ ಕಾಲು ಸಿಗುತ್ತದೆ. ಅಪ್ಪನ ಎಡಗಾಲಿನ ಹೆಬ್ಬೆರಳು ಸ್ವಲ್ಪ ಆಕಾಶ ನೋಡುತ್ತದೆ. 'ಪಾತ್ರ: ನದಿಯಲ್ಲಿ ತೇಲುವ ಶವ.' 'ಪಾತ್ರ: ಲಿಫ್ಟಿನಲ್ಲಿ ಸಿಕ್ಕ ಶವ.' 'ಪಾತ್ರ: ಎರಡನೆಯ ಶವ.' ನಿಮ್ಮ ಹಳೆಯ ಪುಟ ನೋಡಲು ಚೆಂದವಿರಲಿಲ್ಲ, ಒಪ್ಪುತ್ತೇನೆ. ಆದರೆ ಹುಡುಕಿದ್ದು ಸಿಗುತ್ತಿತ್ತು. ಮೇಲಿಂದ ಕೆಳಗೆ ಒಂದೇ ಪಟ್ಟಿ: ನಾಯಕ, ನಾಯಕಿ, ಖಳ, ಕಾಫಿ ತಂದುಕೊಡುವವನು, ಶವ. ಎಲ್ಲರೂ ಒಂದೇ ಗಾತ್ರದ ಅಕ್ಷರದಲ್ಲಿ. ಇದಕ್ಕಿಂತ ಒಳ್ಳೆಯ ಪ್ರಜಾಪ್ರಭುತ್ವವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆಲಸವಿಲ್ಲದ ದಿನ ಅಪ್ಪ ಅಂಗಡಿಗೆ ಬಂದು, ಕಣ್ಣಿನ ಪರೀಕ್ಷೆಗೆ ಬಂದವರಿಗೆ ಗೋಡೆಯ ಮೇಲಿನ ಅಕ್ಷರಗಳ ಬದಲು ತಮ್ಮ ಪುಟವನ್ನೇ ಓದಲು ಕೊಡುತ್ತಿದ್ದರು. "ಈ ಸಾಲು ಕಾಣ್ಸುತ್ತಾ? ಎರಡನೇ ಶವ. ಅದು ನಾನೇ." ಗಿರಾಕಿಗಳು ಬೆಚ್ಚಿಬೀಳುತ್ತಿದ್ದರು, ಆದರೆ ಕನ್ನಡಕ ಮಾಡಿಸಿಕೊಂಡೇ ಹೋಗುತ್ತಿದ್ದರು.

ಈಗ ನಿಮ್ಮ ಹೊಸ ವಿನ್ಯಾಸಕ್ಕೆ ಬರೋಣ. ಪುಟ ತೆರೆದೊಡನೆ, ಯಾರೂ ಕೇಳದಿದ್ದರೂ, ಯಾವುದೋ ಚಿತ್ರದ ತುಣುಕು ತಾನಾಗಿಯೇ ಕಿರುಚತೊಡಗುತ್ತದೆ. ಅದರ ಬಾಯಿ ಮುಚ್ಚಿಸುವ ಗುಂಡಿ ಹುಡುಕುವಷ್ಟರಲ್ಲಿ ಗುಂಡಿಯೇ ಜಾಗ ಬದಲಿಸಿರುತ್ತದೆ. ಆಮೇಲೆ ದುಂಡು ದುಂಡಾಗಿ ಕತ್ತರಿಸಿದ ನಾಲ್ಕಾರು ದೊಡ್ಡ ಮುಖಗಳು. ಅವು ಮುಗಿದ ಮೇಲೆ 'ಇನ್ನಷ್ಟು' ಎಂಬ ಗುಂಡಿ. ಒತ್ತಿದರೆ ಇನ್ನೆರಡು ಮುಖ, ಮತ್ತೊಂದು 'ಇನ್ನಷ್ಟು'. ಅದನ್ನೂ ಒತ್ತಿದರೆ ಮೊದಲು ಲಾಗಿನ್ ಆಗಿ ಬನ್ನಿ ಎನ್ನುತ್ತದೆ. ಕಾಫಿ ತಂದುಕೊಡುವವನು ಎಲ್ಲಿ ಹೋದನೋ ಗೊತ್ತಿಲ್ಲ. ಒಂದು ಚಿತ್ರದ ಛಾಯಾಗ್ರಾಹಕ ಯಾರೆಂದು ತಿಳಿಯಲು ಹೋದರೆ, ಆ ಚಿತ್ರದ ನಾಯಕ ತೊಟ್ಟಂಥ ಬೂಟು ಬೇಕೇ ಎಂದು ನನ್ನನ್ನು ಕೇಳಲಾಯಿತು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಕೇಳಿದ್ದೆ. ನಿಮ್ಮಲ್ಲಿ ಮೂಗೇ ಕಾಣೆಯಾಗಿದೆ. ಇನ್ನು ಬಿಳಿಯ ಮೇಲೆ ತಿಳಿ ಬೂದು ಅಕ್ಷರ. ಅದಕ್ಕೆ ಮಾತ್ರ ನನ್ನ ಹೃತ್ಪೂರ್ವಕ ಕೃತಜ್ಞತೆಗಳು. ಇತ್ತೀಚೆಗೆ ಕಣ್ಣು ಮಂಜಾಗಿದೆ ಎಂದು ಅಂಗಡಿಗೆ ಓಡಿಬಂದವರಲ್ಲಿ ಎಷ್ಟೋ ಜನರ ಕಣ್ಣು ಸರಿಯಾಗಿಯೇ ಇತ್ತು. 'ಬಳಕೆದಾರರ ಮಾತನ್ನು ಆಲಿಸಿ ಈ ಬದಲಾವಣೆ ಮಾಡಿದ್ದೇವೆ' ಎಂದು ಬರೆದುಕೊಂಡಿದ್ದೀರಿ. ಯಾವ ಬಳಕೆದಾರ ಸ್ವಾಮಿ? ಆ ಬೂಟಿನವನೇ?

ಇಷ್ಟನ್ನಾದರೆ ಗೊಣಗಿಕೊಂಡು ಸಹಿಸುತ್ತಿದ್ದೆ. ಆದರೆ ಪ್ರತಿಯೊಬ್ಬ ಕಲಾವಿದರ ಪುಟದ ಮೇಲೂ 'ಒಂದು ನೋಟದಲ್ಲಿ ಬದುಕು' ಎಂಬ ಸಾರಾಂಶ ಅಂಟಿಸಿದ್ದೀರಿ. ಬರೆಯುವುದು ಯಂತ್ರ, ಓದಿ ನೋಡುವುದು ಯಾರೂ ಅಲ್ಲ. ಆ ಯಂತ್ರ ಅಪ್ಪನ ಪುಟ ಓದಿತು. ಸಾಲು ಸಾಲಿನಲ್ಲೂ ಶವ. ಫೋಟೊ ನೋಡಿತು. ಎಲ್ಲದರಲ್ಲೂ ಕಣ್ಣು ಮುಚ್ಚಿದೆ. ಇನ್ನೇನು ಬೇಕು, ತಿಥಿಯೊಂದು ಬಿಟ್ಟು ಮಿಕ್ಕದ್ದೆಲ್ಲ ಮಾಡಿ ಮುಗಿಸಿತು. ನಾನು ಕಂಪ್ಯೂಟರನ್ನು ಅಮ್ಮನ ಕಡೆ ತಿರುಗಿಸಿದೆ. ಅವಳು ಓದಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು.

"ಹೌದಾ? ಹಾಗಾದ್ರೆ ಬೆಳಿಗ್ಗೆ ಎರಡೆರಡು ಸಲ ಕಾಫಿ ಕೇಳಿದ್ದು ಯಾರು?"

ಅಪ್ಪನ ತಕರಾರೇ ಬೇರೆ. "ಬಸ್ಸಿನಡಿ ಸಿಕ್ಕಿದ್ದನ್ನ ಹಾಕೇ ಇಲ್ವಲ್ಲೇ? ಅದಕ್ಕೆ ಎಷ್ಟು ಕಷ್ಟಪಟ್ಟಿದ್ದೆ!"

ಕೆಲವು ದಿನ ಮನೆಯಲ್ಲಿ ಇದೇ ನಗು. ನಗು ನಿಂತದ್ದು ಅಪ್ಪನಿಗೆ ಪಾತ್ರ ಕೊಡಿಸುವ ಏಜೆಂಟನ ಫೋನ್ ಬಂದ ದಿನ.

ನೀವು ತಿಳಿಯಬೇಕಾದ ಮಾತು ಇದು. ಜೀವಮಾನವಿಡೀ ಸತ್ತ ನನ್ನ ತಂದೆಗೆ ಈ ಸಲ ಬದುಕಿರುವ ಪಾತ್ರವೊಂದು ಸಿಕ್ಕಿದೆ. ಗೋದಾಮಿನ ಕಾವಲುಗಾರ. ಮಾತೂ ಇದೆ. ನಾಯಕ ಒಳಗೆ ಬಂದು "ಯಾರೂ ಇಲ್ವಾ ಇಲ್ಲಿ?" ಎಂದಾಗ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ಕಾವಲುಗಾರ ಕಣ್ಣು ತೆರೆದು, "ಇದ್ದೀನಿ ಸಾರ್. ನಾನಿನ್ನೂ ಮಲಗಿಲ್ಲ" ಎನ್ನಬೇಕು. ಅಷ್ಟೇ. ಆ ಚಿತ್ರದ ನಿರ್ದೇಶಕಿ ಹಿಂದೆ ಮೇಕಪ್ ವಿಭಾಗದಲ್ಲಿದ್ದು ಅಪ್ಪನ ಹಣೆಗೆ ಎಷ್ಟೋ ಸಲ ರಕ್ತ ಹಚ್ಚಿದವರು. "ಇಷ್ಟು ವರ್ಷದಲ್ಲಿ ಕ್ಯಾಮೆರಾ ನಿಮ್ಮ ದನೀನೇ ಕೇಳಿಲ್ಲವಲ್ಲ ಅಣ್ಣಾ," ಎಂದು ಅವರೇ ಕರೆದು ಕೊಟ್ಟ ಪಾತ್ರವಿದು. ಅಂದಿನಿಂದ ಅಪ್ಪ ಆ ಮಾತನ್ನು ಕನ್ನಡಿಗೆ ಹೇಳಿದ್ದಾರೆ, ಫ್ರಿಜ್ಜಿಗೆ ಹೇಳಿದ್ದಾರೆ, ಹಾಲಿನವನಿಗೆ ಹೇಳಿದ್ದಾರೆ. 'ಸಾರ್' ಮೊದಲು ಬರಬೇಕೋ ಆಮೇಲೋ ಎಂದು ಅಮ್ಮನೊಡನೆ ಜಗಳವಾಡಿದ್ದಾರೆ. ಇಷ್ಟು ಖುಷಿಯಾಗಿ ಅವರನ್ನು ನಾನು ಕಂಡದ್ದೇ ಇಲ್ಲ.

ಏಜೆಂಟ್ ಹೇಳಿದ್ದು ಹೀಗೆ: "ಅಣ್ಣಾ, ನೀವು ಬದುಕಿದ್ದೀರಿ ಅಂತ ನಂಗೊತ್ತು, ನಿಮ್ ಜೊತೆನೇ ಮಾತಾಡ್ತಿದ್ದೀನಲ್ಲ. ಆದ್ರೆ ನಿಮ್ ಹೆಸರು ಹಾಕಿದ್ರೆ ಸಿನಿಮಾ ಕಂಪನಿಯೋರ ಕಂಪ್ಯೂಟರ್ ಕೆಂಪಾಗುತ್ತೆ. ಅದು ಆ ತಾಣದಿಂದಾನೇ ವಿವರ ಎಳ್ಕೊಳ್ಳುತ್ತೆ. ವಿಮೆಯವರು ಸತ್ತೋರಿಗೆ ವಿಮೆ ಮಾಡಲ್ವಂತೆ, ವಿಮೆ ಇಲ್ದೆ ಸೆಟ್ಟೊಳಗೆ ಬಿಡಲ್ವಂತೆ. ಮುಂದಿನ ತಿಂಗಳು ಶೂಟಿಂಗು. ಅಷ್ಟರಲ್ಲಿ ಸರಿ ಮಾಡಿಸ್ಕೊಳ್ಳಿ, ಇಲ್ಲಾಂದ್ರೆ ಮೇಡಂ ಕೂಡ ಏನೂ ಮಾಡೋ ಹಾಗಿಲ್ಲ."

"ಹೋಗ್ಲಿ, ಅದ್ರಲ್ಲಿ ಯಾವ್ದಾದ್ರೂ ಹೆಣದ ಪಾರ್ಟ್ ಇದ್ರೆ ಅದನ್ನಾದ್ರೂ ಕೊಡಪ್ಪಾ," ಎಂದರು ಅಪ್ಪ.

"ಅದಕ್ಕೂ ಬದುಕಿರ್ಬೇಕಂತೆ ಅಣ್ಣಾ."

ಅವತ್ತು ಅಪ್ಪ ಕಾವಲುಗಾರನ ಮಾತು ಅಭ್ಯಾಸ ಮಾಡಲಿಲ್ಲ. ಬಡಿಸಿದ ಊಟವನ್ನು ಹಾಗೇ ಬಿಟ್ಟು ಎದ್ದುಹೋದರು. ಸೆಟ್ಟಿನಲ್ಲಿ ಅವರು ಎಷ್ಟು ಸಲ ಸತ್ತರೂ ನನಗೆ ಏನೂ ಅನ್ನಿಸಿರಲಿಲ್ಲ. ಅವತ್ತು ಮಾತ್ರ ಅನ್ನಿಸಿತು. ನಿಮಗೆ ಆಟ, ನಮಗೆ ಪ್ರಾಣಸಂಕಟ.

ನಿಮ್ಮ ಬಳಿ ನ್ಯಾಯ ಕೇಳಲು ಬಂದೆ. ತಪ್ಪು ತಿದ್ದುವ ಗುಂಡಿ ಮೊದಲು ಪ್ರತಿ ಪುಟದ ಕೆಳಗೂ ಇತ್ತು. ಈಗ ಅದನ್ನು ಎಲ್ಲಿ ಬಚ್ಚಿಟ್ಟಿದ್ದೀರೋ ನಿಮಗೇ ಗೊತ್ತು. ಅದರ ಬದಲು ಪುಟದ ಮೂಲೆಯಲ್ಲಿ ಒಂದು ಸಹಾಯಕ ಯಂತ್ರ ನಗುತ್ತಾ ಕೂತಿದೆ. ಅಪ್ಪ ಸತ್ತಿದ್ದಾರೆಂದು ನಿಮ್ಮ ಪುಟ ಹೇಳುತ್ತಿದೆ ಎಂದು ಬರೆದೆ. 'ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು' ಎಂದಿತು. ಇಲ್ಲ, ಅವರು ಬದುಕಿದ್ದಾರೆ ಎಂದೆ. 'ಇಂಥ ಸಮಯದಲ್ಲಿ ಸತ್ಯವನ್ನು ಒಪ್ಪಿಕೊಳ್ಳುವುದು ಕಷ್ಟವೆಂದು ನಮಗೆ ಅರ್ಥವಾಗುತ್ತದೆ' ಎಂದಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇಲ್ಲಿ ಎತ್ತು ಈದಿಲ್ಲ ಎಂದು ಕೂಗಿ ಹೇಳಿದರೂ ಕರುವಿಗೆ ಹಗ್ಗ ಹುಡುಕುತ್ತಿದ್ದೀರಿ.

ಕೊನೆಗೆ ಆ ಯಂತ್ರ ಒಂದು ದಾರಿ ತೋರಿಸಿತು. ವ್ಯಕ್ತಿ ಖುದ್ದಾಗಿ ಕ್ಯಾಮೆರಾದ ಮುಂದೆ ಕೂತು, ತಲೆಯನ್ನು ಅತ್ತಿತ್ತ ಆಡಿಸಿ, ಕಣ್ಣು ಮಿಟುಕಿಸಬೇಕು. ಇದೇನು ಮಹಾ ಎಂದುಕೊಂಡೆ. ಅಪ್ಪ ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಕ್ಯಾಮೆರಾದ ಹಸಿರು ದೀಪ ಹತ್ತಿತು. ಹತ್ತಿದೊಡನೆ ಅಪ್ಪನ ಕಣ್ಣು ಮುಚ್ಚಿತು, ಉಸಿರು ನಿಂತಿತು, ಕತ್ತು ಒಂದು ಕಡೆಗೆ ವಾಲಿತು.

"ಅಪ್ಪಾ, ಕಣ್ಣು ಮಿಟುಕಿಸಿ!"

"ಮಿಟುಕಿಸ್ಬೇಕು ಅಂತಾನೇ ಕೂತಿದ್ದೆ ಕಣೇ," ಎಂದರು ದೀಪ ಆರಿದ ಮೇಲೆ. "ಕ್ಯಾಮೆರಾ ಕಂಡ್ರೆ ಇದು ತಾನಾಗೇ ಆಗ್ಬಿಡುತ್ತೆ."

ಮತ್ತೆ ಕೂರಿಸಿದೆ. ಮತ್ತೆ ವಾಲಿದರು. ಅಮ್ಮ ಹಿಂದಿನಿಂದ ಬೆನ್ನು ಗುದ್ದಿದಳು. ಗುದ್ದಿದರೆ ಅಲ್ಲಾಡುವುದಕ್ಕೆ ಅವರೇನು ಹೊಸಬರೇ? 'ಜೀವಂತ ವ್ಯಕ್ತಿ ಕಂಡುಬಂದಿಲ್ಲ. ಪ್ರಯತ್ನಗಳ ಮಿತಿ ಮುಗಿದಿದೆ' ಎಂದು ತೆರೆಯ ಮೇಲೆ ಬಂತು. ನಾನು ತಲೆ ಚಚ್ಚಿಕೊಂಡೆ. ಅಪ್ಪ ಮಾತ್ರ ಆ ಸಾಲನ್ನು ಬಹಳ ಹೊತ್ತು ನೋಡಿ ಮೆಲ್ಲನೆ ಕೇಳಿದರು, "ಯಂತ್ರಕ್ಕೂ ಗೊತ್ತಾಗ್ಲಿಲ್ಲ ಅಲ್ವಾ?" ಇಂಥ ಮೆಚ್ಚುಗೆ ಅವರಿಗೆ ಯಾವ ವಿಮರ್ಶಕನಿಂದಲೂ ಸಿಕ್ಕಿರಲಿಲ್ಲ. ಅದಕ್ಕಾದರೂ ನಿಮಗೆ ಒಂದು ನಮಸ್ಕಾರ ಸಲ್ಲಬೇಕು.

ಇದಾದ ಮೇಲೆ ನಿಮ್ಮ ಕಚೇರಿಗೇ ಬರೆದೆ. ಅಲ್ಲಿಂದ ಮನುಷ್ಯರೇ ಬರೆದಂತೆ ಕಾಣುವ ಉತ್ತರವೊಂದು ಬಂತು. ವ್ಯಕ್ತಿ ಬದುಕಿರುವ ಬಗ್ಗೆ ಮುದ್ರಿತ ಪತ್ರಿಕೆಯಲ್ಲಿ ಪ್ರಕಟವಾದ ಆಧಾರ ಒದಗಿಸಿದರೆ ಪರಿಶೀಲಿಸಲಾಗುವುದಂತೆ. ಇಂಥವರು ನಿನ್ನೆ ಸಾಯಲಿಲ್ಲ ಎಂದು ಯಾವ ಪತ್ರಿಕೆ ಸುದ್ದಿ ಹಾಕುತ್ತದೆ ಮಾನ್ಯರೇ? ಅವರನ್ನು ಸಾಯಿಸುವಾಗ ನಿಮ್ಮ ಬಳಿ ಯಾವ ಮುದ್ರಿತ ಆಧಾರವಿತ್ತು? ಆದರೂ ಒಂದು ಪತ್ರಿಕೆಯ ಕಚೇರಿಗೆ ಹೋದೆ. ನನ್ನಲ್ಲೇ ಕನ್ನಡಕ ಮಾಡಿಸುವ ಅಲ್ಲಿನ ಸಂಪಾದಕರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ಬದುಕಿರೋದು ಸುದ್ದಿ ಆಗಲ್ಲಮ್ಮ. ಪತ್ರ ಬರ್ಕೊಡಿ, ಹಾಕ್ತೀನಿ. ಜೊತೆಗೆ ಫೋಟೊ ಇರ್ಲಿ. ಕಣ್ಣು ತೆರೆದಿರ್ಬೇಕು."

ಅದೇ ಈ ಪತ್ರ. ನೀವು ಕೇಳಿದ ಆಧಾರವನ್ನೇ ನೀವೀಗ ಓದುತ್ತಿದ್ದೀರಿ.

ಫೋಟೊ ತೆಗೆದದ್ದು ನನ್ನ ಅಂಗಡಿಯಲ್ಲಿ. ಗಿರಾಕಿಗಳು ಕೂರುವ ಎತ್ತರದ ಕುರ್ಚಿಯಲ್ಲಿ ಅಪ್ಪನನ್ನು ಕೂರಿಸಿದೆ. ನಾನು ಮೊಬೈಲು ಎತ್ತಿದೆ. ಅವರ ಕಣ್ಣು ಮುಚ್ಚಿತು. ಬೇಡಿಕೊಂಡೆ, ಬೈದೆ, ಹೊಸ ಚೌಕಟ್ಟಿನ ಕನ್ನಡಕ ಕೊಡುತ್ತೇನೆಂದು ಆಸೆ ತೋರಿಸಿದೆ. ಅಪ್ಪ ಜಪ್ಪಯ್ಯ ಎನ್ನಲಿಲ್ಲ. ಇನ್ನು ಆಗದ ಮಾತೆಂದು ನಾನು ಕೈ ಇಳಿಸುವಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಅಮ್ಮ ನಾಯಕನ ಗತ್ತಿನಲ್ಲಿ ಗಟ್ಟಿಯಾಗಿ ಕೇಳಿದಳು:

"ಯಾರೂ ಇಲ್ವಾ ಇಲ್ಲಿ?"

ಅಪ್ಪ ಕಣ್ಣು ತೆರೆದರು. ಬೆನ್ನು ನೆಟ್ಟಗಾಯಿತು.

"ಇದ್ದೀನಿ ಸಾರ್. ನಾನಿನ್ನೂ ಮಲಗಿಲ್ಲ."

ಆಗ ಗುಂಡಿ ಒತ್ತಿದೆ. ಪತ್ರದ ಪಕ್ಕದಲ್ಲಿರುವುದು ಅದೇ ಫೋಟೊ. ನಿಮ್ಮ ತಾಣದಲ್ಲಿ ಅವರ ಪುಟದ ಸಂಖ್ಯೆಯನ್ನು ಅದರ ಕೆಳಗೆ ಮುದ್ರಿಸಲಾಗಿದೆ. ಬೂದು ಅಕ್ಷರದಲ್ಲಲ್ಲ, ಕಪ್ಪಿನಲ್ಲಿ.

ಆದ್ದರಿಂದ ನನ್ನ ಆಗ್ರಹ ಇಷ್ಟೇ. ಶೂಟಿಂಗ್ ಶುರುವಾಗುವುದರೊಳಗೆ ಆ 'ನಿಧನ'ವನ್ನು ಕಿತ್ತು ಹಾಕಿ. ಹಳೆಯ ಪಟ್ಟಿಯನ್ನು ಮೇಲಿಂದ ಕೆಳಗೆ ಪೂರ್ತಿಯಾಗಿ ಮರಳಿ ಕೊಡಿ. ಕಾಫಿ ತಂದುಕೊಡುವವನ ಮನೆಯಲ್ಲೂ ಹುಡುಕುವವರಿರುತ್ತಾರೆ. ದುಂಡು ಮುಖಗಳನ್ನು ಬೇಕಾದರೆ ನೀವೇ ಇಟ್ಟುಕೊಳ್ಳಿ. ಅಪ್ಪನ ಪುಟದ ಕೊನೆಯಲ್ಲಿ ಒಂದು ಸಾಲಿನಷ್ಟು ಜಾಗ ಖಾಲಿ ಬಿಡಿ. 'ಪಾತ್ರ: ಕಾವಲುಗಾರ' ಎಂದು ನಾನೇ ಬಂದು ಬರೆಯುತ್ತೇನೆ.

ಇಂತಿ,
ನಿಮ್ಮ ತಾಣದ ಪ್ರಕಾರ ತಂದೆಯಿಲ್ಲದ, ಈಗಷ್ಟೇ ಮಂಚದಡಿ ತಂದೆಯ ಇನ್ನೊಂದು ಕಾಲುಚೀಲ ಹುಡುಕಿ ಕೊಟ್ಟು ಬಂದ,
ಮೂಲೆ ಅಂಗಡಿಯ ಕನ್ನಡಕದವಳು